ದೂರವಿದ್ದೇ ಮನೆ ಕಟ್ಟಿದ ನಮ್ಮ ಅಜ್ಜಂದಿರು

ಖರಾಡಿಯ ಯಾವುದೇ ದೊಡ್ಡ ವಸತಿ ಸಂಕೀರ್ಣದಲ್ಲಿ ಸಂಜೆ ಮಕ್ಕಳು ಆಡುವ ಹೊತ್ತಿಗೆ ಅಜ್ಜನನ್ನು ಕರೆಯುವ ಬಗೆಬಗೆಯ ಕೂಗು ಕೇಳಿಸುತ್ತದೆ. ಮರಾಠಿ ಮಕ್ಕಳ 'ಆಜೋಬಾ', 'ಆಬಾ' ನಡುವೆ ಬೆಂಗಳೂರು-ಮೈಸೂರು ಕಡೆಯವರ 'ತಾತ', ಧಾರವಾಡದವರ 'ಅಜ್ಜ', ವಿಜಯಪುರ-ಕಲಬುರಗಿಯವರ 'ಮುತ್ಯಾ', ಕುಂದಾಪುರದವರ 'ಅಜ್ಜಯ್ಯ', ತುಳುವರ 'ಅಜ್ಜೆರ್' ಎಲ್ಲವೂ ಇವೆ. ಮುಳಾ-ಮುಠಾ ನದಿಯ ದಂಡೆಯಲ್ಲಿ ಹೊಲಗದ್ದೆಗಳಿದ್ದ ಈ ಊರು ಕಳೆದ ಎರಡೂವರೆ ದಶಕಗಳಲ್ಲಿ ಐಟಿ ಕಚೇರಿಗಳ, ಬಹುಮಹಡಿ ಕಟ್ಟಡಗಳ ಊರಾಯಿತು. ಆ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಅನೇಕರು ಪುಣೆಗೆ ಹೊಸಬರು. ಆದರೆ ಇನ್ನು ಕೆಲವರಿಗೆ ಪುಣೆ ಹೊಸತಲ್ಲ. ಅವರ ಅಜ್ಜ ಐವತ್ತು, ಅರವತ್ತು, ಎಪ್ಪತ್ತು ವರ್ಷಗಳ ಹಿಂದೆಯೇ ಈ ಊರಿಗೆ ಬಂದು ಬೆವರು ಸುರಿಸಿದವರು.

ಆ ಅಜ್ಜಂದಿರ ಬಗ್ಗೆ ನಮ್ಮ ಸಂಘಗಳ ಸಭೆಗಳಲ್ಲಿ ಮಾತು ಬರುತ್ತದೆ. 'ಬರಿಗೈಯಲ್ಲಿ ಬಂದರು, ಕಷ್ಟಪಟ್ಟು ಮೇಲೆ ಬಂದರು' ಎಂದು ಹೇಳಿ, ಹಾರ ಹಾಕಿ ಮುಗಿಸುತ್ತೇವೆ. ಆ ಕಷ್ಟ ಎಂಥದ್ದು, ಅದನ್ನು ಅವರು ಯಾರಿಗಾಗಿ ಪಟ್ಟರು, ಅದಕ್ಕೆ ಅವರೂ ಅವರ ಮನೆಯವರೂ ತೆತ್ತ ಬೆಲೆ ಏನು ಎಂಬುದು ಮಾತ್ರ ಎಲ್ಲಿಯೂ ಬರವಣಿಗೆಗೆ ಇಳಿದಿಲ್ಲ. ಕುಟುಂಬವನ್ನು ಪ್ರೀತಿಸುವವನು ಕುಟುಂಬದ ಜೊತೆಗಿರುತ್ತಾನೆ ಎಂಬುದು ಇಂದಿನ ತಿಳಿವಳಿಕೆ. ನಮ್ಮ ಅಜ್ಜಂದಿರ ಪ್ರೀತಿ ಇದಕ್ಕೆ ತದ್ವಿರುದ್ಧ. ಮನೆಯನ್ನು ಪ್ರೀತಿಸಿದ್ದರಿಂದಲೇ ಅವರು ವರ್ಷದ ಹನ್ನೊಂದು ತಿಂಗಳು ಮನೆಯಿಂದ ದೂರವಿದ್ದರು. ಈ ಒಂದು ಮಾತನ್ನು ಅರ್ಥ ಮಾಡಿಕೊಳ್ಳದೆ ಅವರ ಬದುಕನ್ನು ನೆನೆಯುವುದು ಸಾಧ್ಯವಿಲ್ಲ.

ಊರು ಬಿಟ್ಟ ಹುಡುಗರು

ಕರಾವಳಿಯ ಹುಡುಗರು ಊರು ಬಿಟ್ಟು ಹೋಟೆಲು ಕೆಲಸಕ್ಕೆ ಹೊರಟದ್ದು ಸ್ವಾತಂತ್ರ್ಯಕ್ಕೂ ಎಷ್ಟೋ ಮೊದಲು. ಕಡಂದಲೆಯಿಂದ ಹೊರಟ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡುಗೆಮನೆಯ ಕೆಲಸದಿಂದ ಆರಂಭಿಸಿ 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದರು. ಮುಂಬೈಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಲೆಯ ಊಟಕ್ಕಾಗಿ ಅಲ್ಲಿಗೆ ಹೋಗದ ಮುಂಬೈ ಕನ್ನಡಿಗನಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು. ಇವರು ಹೆಸರು ಉಳಿದವರು. ಇವರ ಹಿಂದೆ ಹೆಸರು ಉಳಿಯದವರು ಸಾವಿರಾರು ಮಂದಿ.

ಹುಡುಗರು ಊರು ಬಿಡಲು ಕಾರಣಗಳು ಹಲವು. ಗೇಣಿ ಕೊಟ್ಟು ಉಳಿದ ಅಕ್ಕಿ ಮಳೆಗಾಲ ದಾಟುವಷ್ಟಿರುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚು. ಐದನೆಯ ತರಗತಿಯೋ ಎಂಟನೆಯದೋ ಮುಗಿದರೆ ಮುಂದಿನ ಶಾಲೆ ದೂರ, ಫೀಸಿಗೆ ದುಡ್ಡಿಲ್ಲ. ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಒಕ್ಕಲಿಗೆ ಭೂಮಿಯ ಒಡೆತನ ಕೊಟ್ಟಿತು. ಭೂಮಿ ಕಳೆದುಕೊಂಡ ಮನೆಗಳಿಂದಲೂ, ಭೂಮಿ ಸಿಕ್ಕರೂ ಅದರಲ್ಲಿ ಎಲ್ಲರ ಹೊಟ್ಟೆ ತುಂಬದ ಮನೆಗಳಿಂದಲೂ ಹುಡುಗರು ಹೊರಟರು.

ಕರಾವಳಿಯ ಅಳಿಯಕಟ್ಟು ಪದ್ಧತಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. ಆ ಪದ್ಧತಿಯ ಮನೆಗಳಲ್ಲಿ ಅಕ್ಕತಂಗಿಯರ ಮಕ್ಕಳ ಜವಾಬ್ದಾರಿ ಸೋದರಮಾವನದು. ಆದ್ದರಿಂದಲೇ ಮಾವ ಮುಂಬೈಯಲ್ಲೋ ಪುಣೆಯಲ್ಲೋ ಹೋಟೆಲಿನಲ್ಲಿದ್ದರೆ ಊರಿಗೆ ಬಂದಾಗ ಅಳಿಯನೊಬ್ಬನನ್ನು ಕರೆದುಕೊಂಡು ಹೋಗುವುದು ರೂಢಿಯಾಯಿತು. ಅಳಿಯ ಬಂದ, ಅಳಿಯನ ತಮ್ಮ ಬಂದ, ನೆರೆಮನೆಯ ಹುಡುಗ ಬಂದ. ಒಂದೇ ಊರಿನ ಹತ್ತು ಮಂದಿ ಒಂದೇ ಹೋಟೆಲಿನಲ್ಲಿರುವುದಕ್ಕೆ ಇದೇ ಮೂಲ. ಇಂದಿನ ಐಟಿ ಕಂಪೆನಿಗಳಲ್ಲಿ ಪರಿಚಯದವರ ಶಿಫಾರಸಿನಿಂದ ಕೆಲಸಕ್ಕೆ ಸೇರುವವರಿಗೆ ಈ ಕ್ರಮ ಅಪರಿಚಿತವೇನಲ್ಲ.

ಪ್ರಯಾಣವೂ ಸುಲಭದ್ದಾಗಿರಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಘಾಟಿ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಸಾತಾರಾ ಮಾರ್ಗವಾಗಿ ಪುಣೆ ಸೇರಬೇಕಿತ್ತು. ಹೋದ ಹುಡುಗನ ಮುಖ ಮತ್ತೆ ನೋಡಲು ತಾಯಿ ವರ್ಷಗಟ್ಟಲೆ ಕಾಯುತ್ತಿದ್ದಳು.

ಕಪ್ಪು-ಬಸಿಯಿಂದ ಗಲ್ಲೆಯವರೆಗೆ

ಹೋಟೆಲಿನಲ್ಲಿ ಮೇಲೇರುವ ಮೆಟ್ಟಿಲುಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಮೊದಲು ಕಪ್ಪು-ಬಸಿ ತೊಳೆಯುವುದು, ಟೇಬಲು ಒರೆಸುವುದು. ಆಮೇಲೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು, ರುಬ್ಬುವುದು. ಕಲ್ಲಿನಲ್ಲಿ ಕೈಯಿಂದ ಅಕ್ಕಿ-ಉದ್ದು ರುಬ್ಬುತ್ತಿದ್ದ ದಿನಗಳವು. ಅನಂತರ ಸಪ್ಲಾಯರ್, ಅದೃಷ್ಟವಿದ್ದರೆ ದೋಸೆ ಕಾವಲಿ ಅಥವಾ ಕಾಫಿಯ ವಿಭಾಗ. ಲೆಕ್ಕ ಬರೆಯಲು ಬಂದರೆ ಗಲ್ಲೆ. ಕೈಯಲ್ಲಿ ಸ್ವಲ್ಪ ಹಣ, ನಾಲ್ವರ ನಂಬಿಕೆ ಕೂಡಿದರೆ ಯಾರದ್ದಾದರೂ ಹೋಟೆಲನ್ನು ನಡೆಸಲು ವಹಿಸಿಕೊಳ್ಳುವುದು ಅಥವಾ ಪಾಲುದಾರಿಕೆ. ಕೊನೆಗೆ ಸ್ವಂತದ್ದು. ಈ ಕೊನೆಯ ಮೆಟ್ಟಿಲನ್ನು ಮುಟ್ಟಿದವರ ಕಥೆಗಳನ್ನಷ್ಟೇ ನಾವು ಕೇಳಿದ್ದೇವೆ. ಹೆಚ್ಚಿನವರು ನಡುವಿನ ಯಾವುದೋ ಮೆಟ್ಟಿಲಿನಲ್ಲೇ ಆಯುಸ್ಸು ಕಳೆದರು. ಮೂವತ್ತು ವರ್ಷ ಕಾವಲಿಯ ಮುಂದೆ ನಿಂತು ಊರಿಗೆ ಮರಳಿದ ಅಜ್ಜನೂ ಹೋಟೆಲಿನ ಧಣಿಯಷ್ಟೇ ಗೌರವಕ್ಕೆ ಅರ್ಹ.

ಬೆಳಗಿನ ಜಾವ ಒಲೆ ಹೊತ್ತಿಸಿದರೆ ರಾತ್ರಿ ಪಾತ್ರೆ ತೊಳೆದು ನೆಲ ಒರೆಸುವವರೆಗೆ ಕೆಲಸ. ಮಧ್ಯಾಹ್ನ ಒಂದೆರಡು ಗಂಟೆ ಬಿಡುವು. ಹಗಲು ಗಿರಾಕಿ ಕೂತ ಬೆಂಚು, ಟೇಬಲುಗಳನ್ನು ಒತ್ತಟ್ಟಿಗೆ ಸೇರಿಸಿ ಅದರ ಮೇಲೆಯೇ ನಿದ್ದೆ. ಒಂದು ಟ್ರಂಕು, ಒಂದು ಚಾಪೆ, ಗೋಡೆಯ ಮೊಳೆಗೆ ನೇತುಹಾಕಿದ ಒಂದು ಒಳ್ಳೆಯ ಅಂಗಿ, ಇಷ್ಟೇ ಆಸ್ತಿ. ಊಟ-ವಸತಿ ಹೋಟೆಲಿನದ್ದೇ ಆದ್ದರಿಂದ ಸಂಬಳ ಸಣ್ಣದು. ಆದರೆ ಅದರಲ್ಲಿ ಹೆಚ್ಚಿನ ಪಾಲು ಖರ್ಚಾಗದೆ ಉಳಿಯುತ್ತಿತ್ತು, ಉಳಿದದ್ದು ಊರಿಗೆ ಹೋಗುತ್ತಿತ್ತು.

ಇವರಲ್ಲಿ ಓದಿನ ಹಸಿವಿದ್ದವರಿಗೆ ಮುಂಬೈಯಲ್ಲಿ ಕನ್ನಡ ರಾತ್ರಿಶಾಲೆಗಳು ಆಸರೆಯಾದವು. ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಬೆಂಚಿನ ಮೇಲೆ ಕೂತು ಓದಿ ಗುಮಾಸ್ತರಾದವರು, ವಕೀಲರಾದವರು, ಶಿಕ್ಷಕರಾದವರು ಇದ್ದಾರೆ. ಪುಣೆಯಲ್ಲಿ ಕನ್ನಡ ಸಂಘವನ್ನು ಕಟ್ಟಿದ ಹಿರಿಯರಲ್ಲಿ ಪ್ರಮುಖರಾದ ಡಾ. ಶಾಮರಾವ್ ಕಲ್ಮಾಡಿಯವರ ಹೆಸರಿನಲ್ಲಿ ಇಂದು ಕನ್ನಡ ಶಾಲೆಯಿದೆ. ತಾವು ಓದಲಾಗದವರು ಇನ್ನೊಬ್ಬರ ಮಕ್ಕಳ ಓದಿಗಾಗಿ ರಸೀದಿ ಹರಿಸಿ ಹಣ ಕೊಟ್ಟರು ಎಂಬುದು ಹೊರನಾಡಿನ ಕನ್ನಡ ಸಂಸ್ಥೆಗಳೆಲ್ಲದರ ಚರಿತ್ರೆಯಲ್ಲಿ ಕಾಣುವ ಸಂಗತಿ.

ಫರ್ಗ್ಯುಸನ್ ಕಾಲೇಜು ರಸ್ತೆಯ ಹಿರಿಯಜ್ಜ

ಈ ತಲೆಮಾರಿನಲ್ಲಿ ಪುಣೆಗೆಲ್ಲ ಗೊತ್ತಿದ್ದವರು ಜಗನ್ನಾಥ ಶೆಟ್ಟರು. 1932ರಲ್ಲಿ ಕಾರ್ಕಳ ಸಮೀಪದ ಬೈಲೂರಿನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಊರು ಬಿಟ್ಟು ಮೊದಲು ಕಲ್ಯಾಣದಲ್ಲಿ ಬಂಧುಗಳ ಹೋಟೆಲಿನಲ್ಲಿ ದುಡಿದರು. 1950ರ ಆಸುಪಾಸಿನಲ್ಲಿ ಪುಣೆಗೆ ಬಂದರು. ಫರ್ಗ್ಯುಸನ್ ಕಾಲೇಜು ರಸ್ತೆಯ 'ಕೆಫೆ ಮದ್ರಾಸ್', 'ಮದ್ರಾಸ್ ಹೆಲ್ತ್ ಹೋಮ್' ಎಂಬ ಹೋಟೆಲುಗಳು ಅವರ ಕೈಯಲ್ಲಿ ಮುಂದೆ 'ರೂಪಾಲಿ', 'ವೈಶಾಲಿ' ಎಂದು ಮರುಹುಟ್ಟು ಪಡೆದವು.

ಹಳೆಯ ಹೆಸರುಗಳಲ್ಲಿ 'ಮದ್ರಾಸ್' ಇದ್ದುದನ್ನು ಕೇಳಿ ಇಂದಿನ ಹುಡುಗರು ನಗಬಹುದು. ಆದರೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ದಕ್ಷಿಣದವರೆಲ್ಲ ಮದ್ರಾಸಿಗಳೆಂದು ಭಾವಿಸಿದ ಗಿರಾಕಿಗೆ ಆ ಹೆಸರು ಸುಲಭವಾಗಿ ಅರ್ಥವಾಗುತ್ತಿತ್ತು. ಕರಾವಳಿಯಿಂದ ಬಂದವರಿಗೂ ಅದು ಪೂರ್ತಿ ಸುಳ್ಳಾಗಿರಲಿಲ್ಲ.

ವೈಶಾಲಿಯ ಮೇಜುಗಳ ಸುತ್ತ ಕಾಲೇಜು ವಿದ್ಯಾರ್ಥಿಗಳ ಎಷ್ಟೋ ತಲೆಮಾರುಗಳು ಕೂತೆದ್ದಿವೆ. ಅಲ್ಲಿಯ ಮೈಸೂರು ಮಸಾಲೆ ದೋಸೆ, ಫಿಲ್ಟರ್ ಕಾಫಿಯ ಜೊತೆಗೆ ಸೇವ್, ಬಟಾಟೆ, ಮೊಸರು ಸೇರಿದ 'ಎಸ್‌ಪಿಡಿಪಿ' ಪುರಿ ಪುಣೆಯ ತಿಂಡಿಯೇ ಆಗಿಹೋಯಿತು. ಉಡುಪಿ ಕಡೆಯವರ ಹೋಟೆಲು ಮರಾಠಿ ನಗರದ ರುಚಿಯನ್ನು ಒಳಗೆ ಕರೆದುಕೊಂಡು ತನ್ನ ರುಚಿಯನ್ನು ಆ ನಗರಕ್ಕೆ ಕೊಟ್ಟ ಬಗೆ ಇದು. 2023ರ ನವೆಂಬರ್ 19ರಂದು ಶೆಟ್ಟರು 91ನೆಯ ವಯಸ್ಸಿನಲ್ಲಿ ನಿಧನರಾದಾಗ ಮರಾಠಿ, ಇಂಗ್ಲಿಷ್, ಕನ್ನಡ ಪತ್ರಿಕೆಗಳೆಲ್ಲ ಅವರನ್ನು ನೆನೆದವು. ಹೋಟೆಲಿನ ಕೆಲಸದಿಂದ ಬದುಕು ಆರಂಭಿಸಿದ ಕರಾವಳಿಯ ಹುಡುಗನೊಬ್ಬ ಪುಣೆ ನಗರದ್ದೇ ಹಿರಿಯಜ್ಜನಾಗಿ ಹೋದದ್ದು ಪುಣೆ ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ.

ಅವರ ನಿಧನ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು. 1950ರಲ್ಲಿ ಹದಿನೈದರ ಹುಡುಗನಾಗಿ ಬಂದವರು ಇಂದು ಬದುಕಿದ್ದರೆ ತೊಂಬತ್ತು ದಾಟಿದವರು. 1961ರ ಜುಲೈ 12ರಂದು ಪಾನಶೇತ್, ಖಡಕವಾಸಲಾ ಅಣೆಕಟ್ಟುಗಳು ಒಡೆದು ಪುಣೆಯ ಹಳೆಯ ಪೇಟೆಗಳು ಮುಳುಗಿದ ದಿನವನ್ನು ಕಣ್ಣಾರೆ ಕಂಡ ಕನ್ನಡದ ಹಿರಿಯರು ಇನ್ನೆಷ್ಟು ಮಂದಿ ಉಳಿದಿದ್ದಾರೆ? ಅಂದು ಹಾಳಾದ ಅಂಗಡಿ, ಹೋಟೆಲು, ಮನೆಗಳಲ್ಲಿ ನಮ್ಮವರದ್ದೂ ಇದ್ದಿರಬಹುದು. ಕೇಳಿ ತಿಳಿದುಕೊಳ್ಳುವ ಅವಕಾಶ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಮುತ್ಯಾ ಕಟ್ಟಿದ ಪುಣೆ

ಪುಣೆಯ ಕನ್ನಡಿಗ ಎಂದೊಡನೆ ಹೋಟೆಲಿನ ನೆನಪಾಗುವುದು ಸಹಜ. ಆದರೆ ಉತ್ತರ ಕರ್ನಾಟಕದ ಮುತ್ಯಾನ ಪಾಲು ಇದಕ್ಕಿಂತ ಕಡಿಮೆಯೇನಲ್ಲ. 1972ರ ಬರಗಾಲ ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕವನ್ನೂ ಒಟ್ಟಿಗೆ ಕಾಡಿತು. ಜೋಳ ಬೆಳೆಯುವ ನೆಲದಲ್ಲಿ ಜೋಳದ ರೊಟ್ಟಿಗೆ ಗತಿಯಿಲ್ಲದಂತಾಯಿತು. ಆಗಲೂ ಅನಂತರವೂ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳು ಸೊಲ್ಲಾಪುರ ಮಾರ್ಗದ ರೈಲು ಹತ್ತಿ ಪುಣೆ, ಮುಂಬೈ ಕಡೆ ದುಡಿಯಲು ಬಂದವು. ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ, ಪುಣೆ ಎಲ್ಲವೂ ಒಂದೇ ರೈಲುಮಾರ್ಗದ ಮೇಲಿರುವುದೇ ಈ ವಲಸೆಗೆ ದಾರಿಯಾಯಿತು.

ಹೋಟೆಲಿನ ಅಜ್ಜ ಒಬ್ಬನೇ ಬಂದರೆ ಮುತ್ಯಾ ಹೆಂಡತಿ-ಮಕ್ಕಳ ಸಮೇತ ಬಂದದ್ದುಂಟು. ಮುಕಾದಮನ ಕೈಕೆಳಗೆ ಗಂಡ-ಹೆಂಡಿರಿಬ್ಬರೂ ಇಟ್ಟಿಗೆ, ಉಸುಕು ಹೊತ್ತರು. ಕೆಲಸ ಕಲಿತವರು ಗವಂಡಿಗಳಾದರು. ಕಟ್ಟಡ ಏಳುತ್ತಿದ್ದಲ್ಲೇ ತಗಡಿನ ಗುಡಿಸಲು, ಕಟ್ಟಡ ಮುಗಿದರೆ ಗುಡಿಸಲು ಮುಂದಿನ ಸೈಟಿಗೆ. ಕೂಸನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ ತಾಯಿ ಕಾಂಕ್ರೀಟಿನ ಬುಟ್ಟಿ ಹೊತ್ತಳು. ದೊಡ್ಡ ಮಕ್ಕಳನ್ನು ಊರಿನಲ್ಲಿ ಅಜ್ಜ-ಅಜ್ಜಿಯ ಬಳಿ ಬಿಟ್ಟು ಬಂದರೆ ಅವರ ಶಾಲೆ ಉಳಿಯುತ್ತಿತ್ತು, ಜೊತೆಗೆ ಕರೆತಂದರೆ ಶಾಲೆ ತಪ್ಪುತ್ತಿತ್ತು. ಈ ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವ ಸಂಕಟ ಪ್ರತಿ ಮನೆಯಲ್ಲೂ ಇತ್ತು. ಯುಗಾದಿಗೆ ಇಲ್ಲವೇ ಊರ ಜಾತ್ರೆಗೆ ಹೋದರೆ ಹೋದರು, ಇಲ್ಲದಿದ್ದರೆ ಇಲ್ಲ.

ಇಂದು ಖರಾಡಿ, ವಾಘೋಲಿ, ಮುಂಢವಾ ಸುತ್ತಮುತ್ತ ಕಟ್ಟಡ ಏಳುವಲ್ಲಿ ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ ಸೀಮೆಯ ಕನ್ನಡ ಕೇಳಿಬರುವುದುಂಟು. ಹತ್ತನೆಯ ಮಹಡಿಯ ಫ್ಲಾಟಿನಲ್ಲಿರುವ ಕನ್ನಡಿಗ, ಆ ಗೋಡೆ ಕಟ್ಟಿದವನೂ ಕನ್ನಡಿಗನಿರಬಹುದೆಂದು ಯೋಚಿಸುವುದು ಅಪರೂಪ. ನಮ್ಮ ಸಂಘಗಳ ರಾಜ್ಯೋತ್ಸವದ ಆಮಂತ್ರಣ ಅವರವರೆಗೆ ತಲುಪುವುದಂತೂ ಇನ್ನೂ ಅಪರೂಪ.

ಪ್ರೀತಿಯ ಇನ್ನೊಂದು ಹೆಸರು ಮನಿಯಾರ್ಡರ್

ದೂರದಲ್ಲಿದ್ದ ಅಜ್ಜನಿಗೂ ಮನೆಗೂ ನಡುವಿನ ಸೇತುವೆ ಅಂಚೆ ಕಚೇರಿ. ತಿಂಗಳಿಗೊಮ್ಮೆ ಮನಿಯಾರ್ಡರ್ ಫಾರ್ಮು ತುಂಬಿ, ಹಣದ ಜೊತೆಗೆ ಕಮಿಷನ್ ಕಟ್ಟಿ ಕಳಿಸುವುದು. ಬರೆಯಲು ಬಾರದವರಿಗೆ ಹೋಟೆಲಿನಲ್ಲಿ ನಾಲ್ಕಕ್ಷರ ಕಲಿತ ಹುಡುಗನೇ ಬರೆದುಕೊಡುತ್ತಿದ್ದ. ಫಾರ್ಮಿನ ಕೆಳಗೆ ಸಂದೇಶ ಬರೆಯಲು ಒಂದಿಷ್ಟು ಜಾಗವಿತ್ತು. 'ನಾನು ಕ್ಷೇಮ, ಈ ಹಣದಲ್ಲಿ ಇಷ್ಟು ಅಂಗಡಿ ಸಾಲಕ್ಕೆ, ಇಷ್ಟು ತಂಗಿಯ ಫೀಸಿಗೆ' ಎಂದು ಎರಡು ಸಾಲು ಬರೆದರೆ ಜಾಗ ಮುಗಿಯುತ್ತಿತ್ತು. ಪ್ರೀತಿಯ ಮಾತುಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಹಣ ಹಂಚಿದ ಆ ಲೆಕ್ಕವೇ ಪ್ರೀತಿಯ ಮಾತು.

ಅತ್ತ ಊರಿನಲ್ಲಿ ಅಂಚೆಯಣ್ಣ ಮನೆ ಬಾಗಿಲಿಗೆ ಬಂದು ನೋಟು ಎಣಿಸಿಕೊಟ್ಟು ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತಿದ್ದ. ಆ ಸಹಿಯಿದ್ದ ಚೀಟಿ ಕಳಿಸಿದವನಿಗೆ ಮರಳಿ ಬರುತ್ತಿತ್ತು. ತಾಯಿಯ ಹೆಬ್ಬೆಟ್ಟಿನ ಗುರುತಿದ್ದ ಆ ಚೀಟಿ ಪುಣೆಯಲ್ಲಿದ್ದವನಿಗೆ ಅವಳು ಬದುಕಿದ್ದಾಳೆ, ಹಣ ಮುಟ್ಟಿದೆ ಎಂಬುದಕ್ಕೆ ಸಾಕ್ಷಿ. ಇಂದಿನ ವಿಡಿಯೋ ಕರೆಯ ಕಾಲದಲ್ಲಿ ಇದನ್ನು ವಿವರಿಸುವುದೇ ಕಷ್ಟ. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು. 2015ರಲ್ಲಿ ಅಂಚೆ ಇಲಾಖೆ ಹಳೆಯ ಮನಿಯಾರ್ಡರನ್ನೂ ನಿಲ್ಲಿಸಿತು. ಅಜ್ಜಂದಿರ ಕಾಲದ ಎರಡು ಗುರುತುಗಳು ಹೀಗೆ ಸದ್ದಿಲ್ಲದೆ ಮರೆಯಾದವು.

ಆ ಹಣದಿಂದ ಆದದ್ದೇನು ಎಂದು ಪಟ್ಟಿ ಮಾಡಿದರೆ ಒಬ್ಬ ಸಾಮಾನ್ಯ ಮನುಷ್ಯನ ದುಡಿಮೆಯ ಅಳತೆ ತಿಳಿಯುತ್ತದೆ. ತಂಗಿಯರ ಮದುವೆ, ತಮ್ಮಂದಿರ ಓದು, ಮುಳಿಹುಲ್ಲಿನ ಮನೆಗೆ ಹಂಚಿನ ಮಾಡು, ಬಾವಿಗೆ ಕಟ್ಟೆ, ಒತ್ತೆಯಿಟ್ಟ ಗದ್ದೆಯ ಬಿಡುಗಡೆ, ತಾಯಿಯ ಔಷಧಿ. ಕರಾವಳಿಯಲ್ಲಾದರೆ ದೈವದ ನೇಮಕ್ಕೆ, ನಾಗಬನಕ್ಕೆ, ಯಕ್ಷಗಾನದ ಹರಕೆಯ ಆಟಕ್ಕೆ ವಂತಿಗೆ. ಬಯಲುಸೀಮೆಯಲ್ಲಾದರೆ ಎತ್ತು ಕೊಳ್ಳಲು, ಬೋರ್‌ವೆಲ್ ಕೊರೆಸಲು. ಇಷ್ಟೆಲ್ಲ ಮಾಡಿದವನು ತನಗಾಗಿ ಕೊಂಡದ್ದು ಬಹುಶಃ ಒಂದು ಕೈಗಡಿಯಾರ.

ಅಜ್ಜಿಯ ಪಾಲನ್ನು ಮರೆಯಬಾರದು

ಅಜ್ಜನ ಶ್ರಮವನ್ನು ಹೇಳುವಾಗ ಅಜ್ಜಿಯ ಹೆಸರು ಬಿಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಗಂಡ ಪುಣೆಯಲ್ಲಿದ್ದಾಗ ಅವನ ತಾಯಿ-ತಂದೆಯನ್ನು ನೋಡಿಕೊಂಡವಳು, ಗದ್ದೆ ನಾಟಿ ಮಾಡಿಸಿದವಳು, ದನ ಕಟ್ಟಿದವಳು, ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹೊತ್ತು ವೈದ್ಯರ ಬಳಿಗೆ ನಡೆದವಳು ಅವಳೇ. ವರ್ಷಕ್ಕೊಂದು ತಿಂಗಳ ದಾಂಪತ್ಯ. ಗಂಡ ಊರಿಗೆ ಬಂದು ಹೋದಮೇಲೆ ಹುಟ್ಟಿದ ಮಗುವನ್ನು ಅವನು ನೋಡುವುದು ಮುಂದಿನ ರಜೆಯಲ್ಲಿ. ಅಷ್ಟರಲ್ಲಿ ಮಗು ನಡೆಯಲು ಕಲಿತಿರುತ್ತಿತ್ತು. ಅಂಗಳಕ್ಕೆ ಬಂದ ಅಪರಿಚಿತನನ್ನು ಕಂಡು ಅಳುತ್ತಾ ತಾಯಿಯ ಸೆರಗಿನ ಹಿಂದೆ ಅಡಗುತ್ತಿತ್ತು.

ಇದರ ನೋವು ಎರಡೂ ಕಡೆ ಉಳಿಯಿತು. ಆ ಮಕ್ಕಳಲ್ಲಿ ಕೆಲವರು ದೊಡ್ಡವರಾದ ಮೇಲೂ ತಂದೆಯೊಂದಿಗೆ ಬಿಚ್ಚು ಮನಸ್ಸಿನಿಂದ ಮಾತಾಡಲಾಗಲಿಲ್ಲ. 'ಅಪ್ಪ ಹಣ ಕಳಿಸಿದರು, ಆದರೆ ಜೊತೆಗಿರಲಿಲ್ಲ' ಎಂಬ ಕೊರಗು ಅವರದು. 'ಜೊತೆಗಿದ್ದರೆ ನಿಮಗೆ ಹೊಟ್ಟೆಗೇನು ಹಾಕುತ್ತಿದ್ದೆ?' ಎಂಬ ಹೇಳಲಾಗದ ಉತ್ತರ ತಂದೆಯದು. ಎರಡೂ ನಿಜ. ಯಾರನ್ನೂ ತಪ್ಪಿತಸ್ಥರೆಂದು ಹೇಳುವಂತಿಲ್ಲ.

ಮೊಮ್ಮಕ್ಕಳ ವಿಷಯದಲ್ಲಿ ಮಾತ್ರ ಆ ಅಜ್ಜ ಬೇರೆಯೇ ಮನುಷ್ಯ. ತನ್ನ ಮಕ್ಕಳನ್ನು ಎತ್ತಿ ಆಡಿಸದ ಕೈಗಳು ಮೊಮ್ಮಕ್ಕಳನ್ನು ಹೆಗಲ ಮೇಲಿಂದ ಇಳಿಸಲಿಲ್ಲ. ಶಾಲೆಯ ಬಸ್ಸಿಗೆ ಬಿಡುವುದು, ಚಂದನ್‌ನಗರದ ಮಾರುಕಟ್ಟೆಯಿಂದ ಸೊಪ್ಪು ತರುವುದು, ಮಗುವಿಗೆ ಇಷ್ಟವೆಂದು ಗರಿಗರಿ ದೋಸೆ ಹುಯ್ದುಕೊಡುವುದು, ಇವೆಲ್ಲ ಕೆಲಸವಲ್ಲ, ಬಾಕಿಯಿದ್ದ ಸಾಲದ ತೀರುವಳಿ. ನಿವೃತ್ತನಾದ ಅಜ್ಜ ಸುಮ್ಮನೆ ಕೂರಲೊಲ್ಲದೆ ಅಡುಗೆಮನೆಗೆ ನುಗ್ಗುತ್ತಾನೆಂದು ಸೊಸೆಯಂದಿರು ಗೊಣಗುವುದುಂಟು. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದ ಐವತ್ತು ವರ್ಷಗಳ ಅಭ್ಯಾಸ ಫ್ಲಾಟಿಗೆ ಬಂದೊಡನೆ ಬಿಟ್ಟುಹೋಗುತ್ತದೆಯೆ?

ಹೊಗಳುವಾಗ ಒಂದು ಎಚ್ಚರ

ಅಜ್ಜಂದಿರ ಕಷ್ಟವನ್ನು ಕೊಂಡಾಡುವ ಭರದಲ್ಲಿ ಆ ಕಷ್ಟವೇ ಒಳ್ಳೆಯದಾಗಿತ್ತು ಎಂಬ ಭಾವನೆ ಬರಬಾರದು. ಹನ್ನೆರಡು-ಹದಿಮೂರರ ಹುಡುಗ ಹದಿನಾರು ಗಂಟೆ ಪಾತ್ರೆ ತೊಳೆದದ್ದು ಸಾಧನೆಯ ಕಥೆಯಾಗುವ ಮೊದಲು ಬಾಲ್ಯ ಕಳೆದುಕೊಂಡ ಕಥೆ. ಬಾಲಕಾರ್ಮಿಕ ನಿಷೇಧದ ಕಾಯಿದೆ 1986ರಲ್ಲಿ ಬಂದರೂ ಹೋಟೆಲು, ಢಾಬಾ ಮತ್ತು ಮನೆಗೆಲಸಕ್ಕೆ ಹದಿನಾಲ್ಕರೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. 'ನಾನು ಪಟ್ಟ ಪಾಡು ನನ್ನ ಮಕ್ಕಳಿಗೆ ಬರಬಾರದು' ಎಂಬುದೇ ಆ ಅಜ್ಜಂದಿರ ಬಾಯಲ್ಲಿ ಮತ್ತೆಮತ್ತೆ ಬರುತ್ತಿದ್ದ ಮಾತು. ಅವರನ್ನು ಗೌರವಿಸುವುದೆಂದರೆ ಆ ಪಾಡು ಈಗ ಬೇರೆ ಯಾರ ಮಕ್ಕಳಿಗೂ ಬರದಂತೆ ನೋಡಿಕೊಳ್ಳುವುದು.

ನಮ್ಮ ಕಟ್ಟಡದ ಗೇಟಿನಲ್ಲಿ ರಾತ್ರಿಯಿಡೀ ಎಚ್ಚರವಿರುವ ಕಾವಲುಗಾರ, ಪಕ್ಕದ ಸೈಟಿನ ಗವಂಡಿ, ಮನೆಗೆಲಸಕ್ಕೆ ಬರುವ ತಾಯಿ ಇಂದು ನಮ್ಮ ಅಜ್ಜ-ಅಜ್ಜಿಯರ ಜಾಗದಲ್ಲಿದ್ದಾರೆ. ಅವರೂ ಊರಿಗೆ ಹಣ ಕಳಿಸುತ್ತಿದ್ದಾರೆ, ಈಗ ಮೊಬೈಲಿನಿಂದ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ 1996ರಲ್ಲೇ ಕಾಯಿದೆಯಾಯಿತು. ಆದರೆ ನೋಂದಣಿ ಮಾಡಿಸಿಕೊಳ್ಳದವನಿಗೆ ಕಲ್ಯಾಣದ ಸೌಲಭ್ಯ ಸಿಗದು. ಫಾರ್ಮು ತುಂಬಲು ಮರಾಠಿ ಬಾರದ ಕನ್ನಡದ ಕೂಲಿಗಾರನಿಗೆ ನೆರವಾಗುವುದು ವಿದ್ಯಾವಂತ ಸದಸ್ಯರಿಗೆ ಒಂದು ಭಾನುವಾರದ ಕೆಲಸ. ಹಿಂದೆ ಹೋಟೆಲಿನಲ್ಲಿ ನಾಲ್ಕಕ್ಷರ ಬಲ್ಲ ಹುಡುಗ ಮನಿಯಾರ್ಡರ್ ಬರೆದುಕೊಟ್ಟದ್ದೂ ಇಂಥದೇ ಕೆಲಸವಲ್ಲವೆ?

ಕೇಳಿ ಬರೆದಿಡೋಣ

ಅಜ್ಜ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿಯುವುದು ಒಂದು ಫೋಟೋ, ಒಂದು ಟ್ರಂಕು. ಟ್ರಂಕಿನೊಳಗೆ ಹಳೆಯ ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಇನ್‌ಲ್ಯಾಂಡ್ ಪತ್ರಗಳು, ಮನಿಯಾರ್ಡರಿನ ಚೀಟಿಗಳು, ಸಂಘದ ರಸೀದಿಗಳು ಇರಬಹುದು. ಮನೆ ಬದಲಿಸುವಾಗ ಇವೆಲ್ಲ ರದ್ದಿಗೆ ಹೋಗುತ್ತವೆ. ಪುಣೆಯಲ್ಲಿ ಬೆಳೆದ ಮೊಮ್ಮಕ್ಕಳಿಗೆ ಕನ್ನಡ ಮಾತಾಡಲು ಬಂದರೂ ಎಷ್ಟೋ ಮಂದಿಗೆ ಓದಲು ಬರುವುದಿಲ್ಲ. ಅಜ್ಜ ಅಜ್ಜಿಗೆ ಬರೆದ ಪತ್ರ ಕೈಯಲ್ಲಿದ್ದರೂ ಅದರಲ್ಲೇನಿದೆ ಎಂದು ಅವರಿಗೆ ತಿಳಿಯದು. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಭಾಷಾಭಿಮಾನದ ಭಾಷಣಕ್ಕಿಂತ ಇದು ಹತ್ತಿರದ ಕಾರಣ. ತನ್ನ ಅಜ್ಜನ ಕೈಬರಹವನ್ನು ತಾನೇ ಓದಬೇಕೆಂಬ ಆಸೆ ಯಾವ ಮಗುವಿಗೂ ಅರ್ಥವಾಗುತ್ತದೆ.

ಹಿರಿಯರು ಇನ್ನೂ ನಮ್ಮ ನಡುವೆ ಇರುವ ಮನೆಗಳಲ್ಲಿ ಈ ಕೆಲವು ಪ್ರಶ್ನೆಗಳನ್ನು ಮೊಮ್ಮಕ್ಕಳು ಕೇಳಲಿ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡರೆ ಸಾಕು.

1. ಊರು ಬಿಟ್ಟಾಗ ವಯಸ್ಸೆಷ್ಟು? ಯಾರ ಜೊತೆ, ಯಾವ ದಾರಿಯಲ್ಲಿ ಬಂದಿರಿ? ಅಮ್ಮ ಏನು ಕಟ್ಟಿಕೊಟ್ಟರು?
2. ಪುಣೆಯಲ್ಲಿ ಮೊದಲ ರಾತ್ರಿ ಮಲಗಿದ್ದು ಎಲ್ಲಿ?
3. ಮೊದಲ ಸಂಬಳ ಎಷ್ಟು? ಅದರಲ್ಲಿ ಊರಿಗೆ ಕಳಿಸಿದ್ದೆಷ್ಟು?
4. ಕೆಲಸ ಕಲಿಸಿದವರು ಯಾರು? ಬೈದವರು ಯಾರು? ಕಷ್ಟಕಾಲದಲ್ಲಿ ಸಾಲ ಕೊಟ್ಟವರು ಯಾರು?
5. ಮರಾಠಿ ಹೇಗೆ ಕಲಿತಿರಿ? ನೆರವಾದ ಮರಾಠಿ ಗೆಳೆಯರು ಯಾರು?
6. ನೀವು ಊರಿನಲ್ಲಿಲ್ಲದಾಗ ಮನೆಯಲ್ಲಿ ನಡೆದ ಯಾವ ಸಂಗತಿ ಇಂದಿಗೂ ಕಾಡುತ್ತದೆ?
7. ಅಜ್ಜಿ, ಆ ದಿನಗಳಲ್ಲಿ ನೀವು ಹೇಗೆ ಮನೆ ನಡೆಸಿದಿರಿ?

ಏಳನೆಯ ಪ್ರಶ್ನೆಯನ್ನು ಅಜ್ಜನ ಎದುರಿನಲ್ಲೇ ಕೇಳುವುದು ಒಳ್ಳೆಯದು. ಅವರೂ ಕೇಳಿರದ ಉತ್ತರ ಅದಾಗಿರಬಹುದು.

ಸಂಘಗಳಿಗೂ ಇಲ್ಲಿ ಕೆಲಸವಿದೆ. ಪ್ರತಿವರ್ಷ ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತು, ಶುಭಾಶಯಗಳ ನಡುವೆ ನಾಲ್ಕು ಪುಟವನ್ನು ಒಬ್ಬ ಹಿರಿಯರ ಬದುಕಿಗೆ ಮೀಸಲಿಡಬಹುದು. ಹೋಟೆಲು ಮಾಲಿಕರ ಬದುಕಿನಂತೆಯೇ ಕಾವಲಿಯ ಮುಂದೆ ನಿಂತವರ, ಖಡಕಿಯ ಕಾರ್ಖಾನೆಗಳಲ್ಲಿ ದುಡಿದವರ, ಗವಂಡಿಗಳ ಬದುಕೂ ಅಲ್ಲಿ ಬರಲಿ. ಹಿರಿಯರನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ಮೊದಲು ಒಂದು ಗಂಟೆ ಅವರ ಮುಂದೆ ಕೂತು ಅವರ ಮಾತನ್ನು ಬರೆದುಕೊಳ್ಳೋಣ. ಶಾಲು ಕಪಾಟಿನಲ್ಲಿ ಉಳಿದರೆ ಆ ಮಾತು ಮೊಮ್ಮಕ್ಕಳ ಕೈಯಲ್ಲಿ ಉಳಿಯುತ್ತದೆ.

ದೂರದ ಊರಿನಲ್ಲಿದ್ದು ತಾವು ಕಟ್ಟಿದ ಮನೆಯಲ್ಲಿ ವರ್ಷಕ್ಕೊಂದೇ ತಿಂಗಳು ವಾಸಿಸಿದವರು ನಮ್ಮ ಅಜ್ಜಂದಿರು. ಆ ಮನೆಯ ನೆರಳಿನಲ್ಲಿ ಓದಿ ಬೆಳೆದವರ ಮಕ್ಕಳು ಇಂದು ಖರಾಡಿಯಲ್ಲಿ ಸ್ವಂತ ಮನೆ ಮಾಡಿದ್ದಾರೆ, ದಿನವ ರಾತ್ರಿ ಹೆಂಡತಿ-ಮಕ್ಕಳೊಂದಿಗೆ ಕೂತು ಉಣ್ಣುತ್ತಾರೆ. ಆ ಊಟ ಅಜ್ಜ ಗಳಿಸಿಕೊಟ್ಟದ್ದೆಂದು ಮಕ್ಕಳಿಗೆ ತಿಳಿಸಿಹೇಳುವ ಕೆಲಸ ಈ ಭಾನುವಾರವೇ ಶುರುವಾಗಲಿ.